ರಜೆಗೆ ಅಜ್ಜಿ ಮನೆಗೆ ಹೋಗುವ ಮಕ್ಕಳ ಹಲ್ಲು: ನಿಮ್ಮಲ್ಲಿ ಹೇಗೆ ನೋಡಿಕೊಳ್ಳುತ್ತೀರಿ?

ಕುವೆಂಪುನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ಪರೀಕ್ಷೆ ಮುಗಿಯಿತು. ಮಕ್ಕಳಿಬ್ಬರೂ ಪಾಂಡವಪುರದ ಹತ್ತಿರ ಇರುವ ಅಜ್ಜಿ ಮನೆಗೆ ಹೊರಟಿದ್ದಾರೆ. ಮಗಳಿಗೆ 6 ವರ್ಷ, ಮಗನಿಗೆ 11. ಶಾಲೆ ಶುರುವಾಗುವ ತನಕ ಅಲ್ಲೇ. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಭಾನುವಾರ ಹೋಗಿ ನೋಡಿಕೊಂಡು ಬರುತ್ತೇವೆ.

ಕಳೆದ ವರ್ಷ ರಜೆ ಮುಗಿಸಿ ಬಂದ ಮೇಲೆ ಮಗಳ ದವಡೆ ಹಲ್ಲಿನಲ್ಲಿ ಹುಳುಕು ಕಾಣಿಸಿತು. ಫಿಲ್ಲಿಂಗ್ ಮಾಡಿಸಿದೆವು. ಅತ್ತೆಯವರನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಮೊಮ್ಮಕ್ಕಳು ಬರುತ್ತಾರೆ ಅಂತ ಅವರು ಯುಗಾದಿಯಿಂದಲೇ ಕಾಯುತ್ತಾರೆ. ಆದರೆ ಅಲ್ಲಿ ದಿನವಿಡೀ ಬಾಯಿ ಆಡುತ್ತಲೇ ಇರುತ್ತದೆ. ಬೆಳಿಗ್ಗೆ ಎದ್ದ ತಕ್ಷಣ ಬಿಸ್ಕೆಟ್, ಆಮೇಲೆ ಗದ್ದೆ ಕಡೆಯಿಂದ ಬಂದ ಕಬ್ಬು, ಆಲೆಮನೆಯ ಬಿಸಿ ಬೆಲ್ಲ, ಮಧ್ಯಾಹ್ನ ಐಸ್ ಕ್ಯಾಂಡಿ ಗಾಡಿ, ಸಂಜೆ ಹುಣಸೆ ಚಿಗಳಿ. ರಾತ್ರಿ ತಾರಸಿ ಮೇಲೆ ಚಾಪೆ ಹಾಸಿಕೊಂಡು ಕಥೆ ಕೇಳುತ್ತಾ ಹಾಗೇ ನಿದ್ದೆ ಹೋಗುತ್ತಾರೆ. ಬ್ರಷ್ ಬ್ಯಾಗಿನಲ್ಲೇ ಇರುತ್ತದೆ.

ಅಜ್ಜಿಯ ಮನಸ್ಸಿಗೆ ನೋವಾಗಬಾರದು, ಮಕ್ಕಳ ರಜೆಯೂ ಕೆಡಬಾರದು. ನೀವೆಲ್ಲ ಇದನ್ನು ಹೇಗೆ ನಿಭಾಯಿಸುತ್ತೀರಿ ಅಂತ ತಿಳಿಸಿ.

ಮದ್ದೂರು ಕಡೆಯವ

ಅಕ್ಕ, ನಾವೂ ಕಬ್ಬು ಸಿಗಿದು ತಿಂದೇ ಬೆಳೆದವರು. ನಮ್ಮಪ್ಪನಿಗೆ ಈಗಲೂ ಹಲ್ಲು ಗಟ್ಟಿ ಇದೆ. ಕಬ್ಬು ಅಗಿದರೆ ಹಲ್ಲು ತಾನಾಗೇ ಸ್ವಚ್ಛ ಆಗುತ್ತದೆ ಅಂತ ನಮ್ಮ ಊರಿನಲ್ಲಿ ಎಲ್ಲರೂ ಹೇಳುತ್ತಾರೆ. ಬೆಲ್ಲವೂ ಸಕ್ಕರೆಯಷ್ಟು ಕೆಟ್ಟದ್ದಲ್ಲ. ಮಂಡ್ಯದ ಮಕ್ಕಳಿಗೆ ಕಬ್ಬು ತಿನ್ನಬೇಡಿ ಅಂದರೆ ಹೇಗೆ? ಬಿಸ್ಕೆಟ್, ಚಾಕೊಲೇಟ್ ನಿಲ್ಲಿಸಿ ಸಾಕು.

ಹಲ್ಲಿನ ಡಾಕ್ಟರ್, ಸರಸ್ವತಿಪುರಂ

ಜೂನ್ ತಿಂಗಳಲ್ಲಿ ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಇದೇ ಕಥೆ ಕೇಳುತ್ತೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಕಬ್ಬಿನ ವಿಷಯ. ಅದರ ನಾರು ಹಲ್ಲಿನ ಮೇಲ್ಮೈಯನ್ನು ಉಜ್ಜುತ್ತದೆ, ಅಗಿಯುವಾಗ ಎಂಜಲೂ ಚೆನ್ನಾಗಿ ಊರುತ್ತದೆ. ಅಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ಆ ರಸದಲ್ಲಿ ಇರುವುದು ಸಕ್ಕರೆಯೇ ಅಲ್ವಾ? ಅದು ದವಡೆ ಹಲ್ಲಿನ ಗೆರೆಗಳಿಗೆ ಇಳಿಯುತ್ತದೆ, ಹಲ್ಲಿನ ಸಂದಿಗಳಿಗೆ ಹೋಗುತ್ತದೆ. ಅಲ್ಲಿಗೆ ಕಬ್ಬಿನ ನಾರು ತಲುಪುವುದಿಲ್ಲ. ಬೆಲ್ಲದಲ್ಲಿ ಕಬ್ಬಿಣದ ಅಂಶ ಇರಬಹುದು, ರುಚಿಯೂ ಬೇರೆ. ಆದರೆ ಬಾಯಿಯಲ್ಲಿರುವ ಬ್ಯಾಕ್ಟೀರಿಯಾಕ್ಕೆ ಬೆಲ್ಲ, ಸಕ್ಕರೆ, ಜೇನುತುಪ್ಪ ಎಲ್ಲವೂ ಒಂದೇ ಊಟ. ಸಿಹಿ ತಿಂದ ಕೆಲವೇ ನಿಮಿಷದಲ್ಲಿ ಅವು ಆಮ್ಲ ಮಾಡುತ್ತವೆ. ಹಲ್ಲಿನ ಮೇಲಿನ ಪಾಚಿಯಲ್ಲಿ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 5.5ಕ್ಕಿಂತ ಕೆಳಗೆ ಇಳಿದರೆ ಎನಾಮಲ್‌ನಿಂದ, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಪದರದಿಂದ, ಸುಣ್ಣದ ಅಂಶ ಕರಗಲು ಶುರು. ಎಂಜಲು ಆ ಆಮ್ಲವನ್ನು ತೊಳೆದು, ಕರಗಿದ್ದನ್ನು ಮತ್ತೆ ಹಲ್ಲಿಗೆ ಸೇರಿಸುತ್ತದೆ. ಅದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು.

ಇಲ್ಲೇ ವಿಷಯ ಇರುವುದು. ಮಗು ಊಟದ ಜೊತೆ ಒಂದು ದೊಡ್ಡ ಅಚ್ಚು ಬೆಲ್ಲ ತಿಂದರೆ ಹಲ್ಲಿಗೆ ಒಂದು ಸಲ ಪೆಟ್ಟು, ಆಮೇಲೆ ಚೇತರಿಸಿಕೊಳ್ಳಲು ಸಮಯ. ಅದೇ ಅಚ್ಚನ್ನು ಜೇಬಿನಲ್ಲಿ ಇಟ್ಟುಕೊಂಡು ಗಂಟೆಗೊಮ್ಮೆ ಚೂರು ಚೂರು ಚೀಪಿದರೆ ಹಲ್ಲಿಗೆ ಬಿಡುವೇ ಇಲ್ಲ. ಎಷ್ಟು ತಿಂದರು ಅನ್ನುವುದಕ್ಕಿಂತ ಎಷ್ಟು ಸಲ ತಿಂದರು ಅನ್ನುವುದೇ ಮುಖ್ಯ. ಸ್ವೀಡನ್ ದೇಶದ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ 1940ರ ದಶಕದಲ್ಲಿ ಬುದ್ಧಿ ಬೆಳವಣಿಗೆಯ ತೊಂದರೆ ಇದ್ದ ರೋಗಿಗಳ ಮೇಲೆ ಇದನ್ನು ಪರೀಕ್ಷೆ ಮಾಡಿದರು. ಊಟದ ಜೊತೆ ಸಿಹಿ ಕೊಟ್ಟವರಿಗಿಂತ, ಊಟಗಳ ನಡುವೆ ಅಂಟುವ ಟಾಫಿ ಕೊಟ್ಟವರಿಗೆ ಹುಳುಕು ತುಂಬಾ ಜಾಸ್ತಿ ಆಯಿತು. ಆ ಜನರನ್ನು ಒಂದು ಮಾತೂ ಕೇಳದೆ ಅವರ ಹಲ್ಲು ಕೆಡಿಸಿದ್ದು ದೊಡ್ಡ ಅನ್ಯಾಯ. ಆದರೆ ಇವತ್ತು ನಾವು ತಾಯಂದಿರಿಗೆ ಹೇಳುವ ಮಾತಿಗೆ ಅದೂ ಒಂದು ಆಧಾರ.

ಆದ್ದರಿಂದ ಕಬ್ಬು ನಿಲ್ಲಿಸಬೇಡಿ, ಬೆಲ್ಲ ನಿಲ್ಲಿಸಬೇಡಿ. ಹೊತ್ತು ಗೊತ್ತು ಮಾಡಿ. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ಸಂಜೆ ಒಂದು ಸಲ, ರಾತ್ರಿ ಊಟ. ಸಿಹಿ ಏನೇ ಇದ್ದರೂ ಈ ನಾಲ್ಕರ ಜೊತೆಗೇ ಬರಲಿ. ನಡುವೆ ಬಾಯಾರಿದರೆ ನೀರು, ಮಜ್ಜಿಗೆ. ಹಸಿವಾದರೆ ಸೌತೆಕಾಯಿ, ಹುರಿದ ಕಡಲೆಕಾಯಿ. ಕಬ್ಬು ತಿಂದ ಮೇಲೆ ಒಂದು ಚೊಂಬು ನೀರಿನಲ್ಲಿ ಚೆನ್ನಾಗಿ ಬಾಯಿ ಮುಕ್ಕಳಿಸಲಿ.

ರಾತ್ರಿ ಉಜ್ಜುವುದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ನಿದ್ದೆಯಲ್ಲಿ ಎಂಜಲು ಬಹಳ ಕಮ್ಮಿಯಾಗುತ್ತದೆ. ಬಾಯಿಯಲ್ಲಿ ಸಿಹಿ ಉಳಿದಿದ್ದರೆ ಬೆಳಗಿನವರೆಗೂ ಅದನ್ನು ತೊಳೆಯುವವರೇ ಇಲ್ಲ. ಬೆಳಿಗ್ಗೆ ಒಂದು ದಿನ ತಪ್ಪಿದರೂ ನಾನು ಅಷ್ಟು ಬೇಜಾರು ಮಾಡಿಕೊಳ್ಳುವುದಿಲ್ಲ, ರಾತ್ರಿ ತಪ್ಪಬಾರದು.

ಮಳವಳ್ಳಿ ಅಜ್ಜಿ

ಡಾಕ್ಟರಮ್ಮ ಹೇಳಿದ್ದು ಚೆನ್ನಾಗಿದೆ. ನಾನು ಅಜ್ಜಿಯರ ಕಡೆಯಿಂದ ಎರಡು ಮಾತು ಹೇಳುತ್ತೇನೆ ಮಗಳೇ.

ಸೊಸೆಯಂದಿರು ಬ್ಯಾಗಿನ ಜೊತೆ ಒಂದು ಉದ್ದ ಪಟ್ಟಿ ಕಳಿಸುತ್ತಾರೆ. ಅದು ತಿನ್ನಿಸಬೇಡಿ, ಇದು ಕೊಡಬೇಡಿ. ಅದನ್ನು ಓದಿದರೆ ನಮ್ಮ ಮೇಲೆ ನಂಬಿಕೆ ಇಲ್ಲವೇನೋ ಅನ್ನಿಸುತ್ತದೆ. ಹಾಗೆ ಮಾಡಬೇಡಿ. "ಅತ್ತೆ, ರಾತ್ರಿ ಹಲ್ಲುಜ್ಜಿಸುವ ಜವಾಬ್ದಾರಿ ನಿಮ್ಮದು" ಅಂತ ಒಂದೇ ಕೆಲಸ ಒಪ್ಪಿಸಿ. ನಾವು ಅದನ್ನು ಬಿಡುವುದಿಲ್ಲ.

ನಮ್ಮ ಮನೆಯಲ್ಲಿ ರಜೆಗೆ ಮೊಮ್ಮಕ್ಕಳು, ಅಕ್ಕಪಕ್ಕದ ಮಕ್ಕಳು ಎಲ್ಲ ಸೇರುತ್ತಾರೆ. ತಾರಸಿಗೆ ಹಾಸಿಗೆ ಹೊತ್ತ ಮೇಲೆ ಯಾರನ್ನೂ ಕೆಳಗೆ ಇಳಿಸಲು ಆಗುವುದಿಲ್ಲ. ಅದಕ್ಕೇ ಊಟದ ತಟ್ಟೆ ತೊಳೆಯುವಾಗಲೇ ಹಲ್ಲೂ ಮುಗಿಯಬೇಕು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸಾಲಾಗಿ ನಿಲ್ಲಿಸುತ್ತೇನೆ. ದೊಡ್ಡವನು ಎಲ್ಲರ ಬ್ರಷ್ಷಿಗೂ ಪೇಸ್ಟ್ ಹಾಕುತ್ತಾನೆ. ಒಂದೊಂದು ಬ್ರಷ್ಷಿಗೆ ಒಂದೊಂದು ಬಣ್ಣದ ದಾರ ಸುತ್ತಿದ್ದೇನೆ, ಕೆಂಪು ಒಬ್ಬಳಿಗೆ, ಹಸಿರು ಒಬ್ಬನಿಗೆ. ಇಲ್ಲದಿದ್ದರೆ ಒಬ್ಬರದ್ದು ಒಬ್ಬರು ಬಾಯಿಗೆ ಹಾಕಿಕೊಂಡುಬಿಡುತ್ತಾರೆ. ಚಿಕ್ಕವಳನ್ನು ಮಾತ್ರ ತೊಡೆ ಮೇಲೆ ತಲೆ ಇಟ್ಟು ಮಲಗಿಸಿಕೊಂಡು ನಾನೇ ಉಜ್ಜುತ್ತೇನೆ. ಹಾಗೆ ಮಲಗಿಸಿದರೆ ಹಿಂದಿನ ಹಲ್ಲು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಎಲ್ಲರದ್ದೂ ಆದ ಮೇಲೆ ನೀರು ಬಿಟ್ಟು ಬೇರೇನೂ ಬಾಯಿಗೆ ಇಲ್ಲ. ಕಥೆ ಶುರುವಾಗುವುದೇ ಆಮೇಲೆ. ಉಜ್ಜದವರಿಗೆ ಕಥೆ ಇಲ್ಲ ಅಂತ ಹೇಳಿದ್ದೇನೆ, ಹಾಗಾಗಿ ಈಗ ಅವರೇ ಒಬ್ಬರನ್ನೊಬ್ಬರು ಎಳೆದುಕೊಂಡು ಬರುತ್ತಾರೆ.

ಕುವೆಂಪುನಗರದ ಅಮ್ಮ

ಅಮ್ಮ, ನಿಮ್ಮ ಮಾತು ಓದಿ ತುಂಬಾ ಖುಷಿಯಾಯಿತು. ನಿಮ್ಮ ಬರಹವನ್ನು ಹಾಗೇ ಅತ್ತೆಗೆ ಓದಿ ಹೇಳಿದೆ. "ಇದೇನು ದೊಡ್ಡ ಕೆಲಸ, ನಾನು ಮಾಡಿಸುತ್ತೇನೆ ಬಿಡು" ಅಂದರು.

ವಿಜಯನಗರ ನಾಲ್ಕನೇ ಹಂತ

ಇದಕ್ಕೇ ಸೇರಿಸಿ ಒಂದು ಪ್ರಶ್ನೆ. ನಮ್ಮ ಮಾವ ಪೇಸ್ಟ್ ಮುಟ್ಟುವುದಿಲ್ಲ. ನಂಜನಗೂಡು ಹಲ್ಲುಪುಡಿ ಅಥವಾ ಬೇವಿನ ಕಡ್ಡಿ. ಊರಿಗೆ ಹೋದರೆ ಮಕ್ಕಳಿಗೂ ಅದನ್ನೇ ಕೊಡುತ್ತಾರೆ. ಬೆರಳಿನಲ್ಲಿ ಪುಡಿ ಹಚ್ಚಿಕೊಂಡು ಉಜ್ಜುವುದು ಮಕ್ಕಳಿಗೂ ಇಷ್ಟ. ಪರವಾಗಿಲ್ಲವಾ?

ಹಲ್ಲಿನ ಡಾಕ್ಟರ್, ಸರಸ್ವತಿಪುರಂ

ನಮ್ಮ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಆ ಪುಡಿಯ ಪೊಟ್ಟಣ ಬಚ್ಚಲಿನ ಗೂಡಿನಲ್ಲಿ ಇದ್ದೇ ಇರುತ್ತಿತ್ತು. ಅದರ ಘಮ ನನಗೂ ಇಷ್ಟ. ದೊಡ್ಡವರು ಅಭ್ಯಾಸದಿಂದ ಮೆಲ್ಲಗೆ ಉಜ್ಜುತ್ತಾರೆ, ಅವರನ್ನು ಬದಲಾಯಿಸಲು ಹೋಗಬೇಡಿ. ಮಕ್ಕಳಿಗೆ ಮಾತ್ರ ಫ್ಲೋರೈಡ್ ಇರುವ ಪೇಸ್ಟ್ ಬೇಕು. ಹುಳುಕು ತಡೆಯುವ ಕೆಲಸದಲ್ಲಿ ಹೆಚ್ಚಿನ ಪಾಲು ಅದರದ್ದೇ. ಕರಗಲು ಶುರುವಾದ ಎನಾಮಲ್ ಮತ್ತೆ ಗಟ್ಟಿಯಾಗಲು ಅದು ನೆರವಾಗುತ್ತದೆ. ಬೆರಳಿನಿಂದ ಉಜ್ಜಿದರೆ ಹಿಂದಿನ ದವಡೆಯ ಒಳಮೈಗೆ ತಲುಪುವುದಿಲ್ಲ ಅನ್ನುವುದೂ ಇದೆ.

ಬೇಕಾದರೆ ಬೆಳಿಗ್ಗೆ ತಾತನ ಜೊತೆ ಬೇವಿನ ಕಡ್ಡಿ ಅಗಿಯಲಿ, ಅದು ಅವರಿಬ್ಬರ ಸಂತೋಷ. ಕಡ್ಡಿ ಕಚ್ಚಿಕೊಂಡು ಓಡಬಾರದು ಅಷ್ಟೇ, ಬಿದ್ದರೆ ಗಂಟಲಿಗೆ ಚುಚ್ಚುತ್ತದೆ. ರಾತ್ರಿ ಪೇಸ್ಟ್, ಬ್ರಷ್. ಇದ್ದಿಲು, ಇಟ್ಟಿಗೆ ಪುಡಿ, ಕಲ್ಲುಪ್ಪು ಇವು ಮೂರೂ ಬೇಡವೇ ಬೇಡ. ಎನಾಮಲ್ ಸವೆದರೆ ಮತ್ತೆ ಬೆಳೆಯುವುದಿಲ್ಲ.

ಪೇಸ್ಟ್ ಎಷ್ಟು ಅಂತ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಹಾಕುವುದನ್ನು ನೋಡಿ ಎಲ್ಲರೂ ಹಾಗೇ ಹಾಕುತ್ತಾರೆ. 3 ವರ್ಷದ ಒಳಗಿನ ಮಗುವಿಗೆ ಒಂದು ಅಕ್ಕಿಕಾಳಿನಷ್ಟು ಸಾಕು. 3ರಿಂದ 6 ವರ್ಷದವರಿಗೆ ಬಟಾಣಿ ಕಾಳಿನಷ್ಟು. ಡಬ್ಬಿಯ ಮೇಲೆ ಫ್ಲೋರೈಡ್ 1000 ಪಿಪಿಎಂ ಹತ್ತಿರ ಇದೆಯಾ ನೋಡಿ. ಎರಡು ನಿಮಿಷ ಉಜ್ಜಲಿ. ನೊರೆಯನ್ನು ಉಗಿಯಲಿ, ಆಮೇಲೆ ಚೊಂಬುಗಟ್ಟಲೆ ನೀರಿನಲ್ಲಿ ಮುಕ್ಕಳಿಸುವುದು ಬೇಡ. ಹಲ್ಲಿನ ಮೇಲೆ ಸ್ವಲ್ಪ ಫ್ಲೋರೈಡ್ ಉಳಿದರೇ ಒಳ್ಳೆಯದು. 7-8 ವರ್ಷದ ತನಕ ದೊಡ್ಡವರ ಕೈ ಜೊತೆಗೆ ಇರಲೇಬೇಕು. ಷರಟಿನ ಗುಂಡಿ ನೀಟಾಗಿ ಹಾಕಿಕೊಳ್ಳಲು ಬಾರದ ಕೈಗೆ ದವಡೆ ಹಲ್ಲು ಉಜ್ಜಲು ಬರುವುದಿಲ್ಲ.

ತುಮಕೂರಿನಿಂದ ಮೈಸೂರಿಗೆ ಬಂದವಳು

ಫ್ಲೋರೈಡ್ ಅಂದಾಗ ನನಗೆ ಭಯವೇ ಆಗುತ್ತದೆ ಮೇಡಂ. ನನ್ನ ತವರು ಪಾವಗಡದ ಕಡೆ. ಅಲ್ಲಿ ಬೋರ್‌ವೆಲ್ ನೀರು ಕುಡಿದು ಬೆಳೆದವರ ಹಲ್ಲೆಲ್ಲ ಕಂದು. ನನ್ನ ಹಲ್ಲಿನ ಮೇಲೂ ಪಟ್ಟೆ ಇದೆ. ಈಗ ಮಕ್ಕಳನ್ನು ರಜೆಗೆ ಅಲ್ಲಿಗೆ ಕಳಿಸುತ್ತಿದ್ದೇನೆ. ಪೇಸ್ಟಿನಲ್ಲೂ ಅದೇ ಫ್ಲೋರೈಡ್ ಅಂದರೆ ಹೇಗೆ? ನೀರು ಕುದಿಸಿ ಕೊಡಿ ಅಂತ ಅಮ್ಮನಿಗೆ ಹೇಳಿದ್ದೇನೆ.

ಹಲ್ಲಿನ ಡಾಕ್ಟರ್, ಸರಸ್ವತಿಪುರಂ

ನಿಮ್ಮ ಭಯಕ್ಕೆ ಅರ್ಥ ಇದೆ. ಪಾವಗಡದ ನೀರಿನ ತೊಂದರೆ ರಾಜ್ಯಕ್ಕೇ ಗೊತ್ತಿರುವುದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಹಲ್ಲು ಬೆಳೆಯುವ ವಯಸ್ಸಿನಲ್ಲಿ, ಅಂದರೆ ಸುಮಾರು 8 ವರ್ಷದ ತನಕ, ದಿನವೂ ಕುಡಿದರೆ ಹಲ್ಲಿನ ಮೇಲೆ ಪಟ್ಟೆ, ಕಲೆ ಬರುತ್ತದೆ. ಅದು ಹೊಟ್ಟೆಗೆ ಹೋಗುವ ಫ್ಲೋರೈಡಿನಿಂದ ಆಗುವುದು. ಪೇಸ್ಟಿನದ್ದು ಹಲ್ಲಿನ ಮೇಲ್ಮೈಗೆ ಕೆಲಸ ಮಾಡಿ ಉಗುಳಿನ ಜೊತೆ ಹೊರಗೆ ಹೋಗುತ್ತದೆ. ಅದಕ್ಕೇ ಕಾಳಿನ ಲೆಕ್ಕ ಹೇಳಿದ್ದು, ನುಂಗಬಾರದು ಅಂತ.

ದಯವಿಟ್ಟು ಇವತ್ತೇ ಅಮ್ಮನಿಗೆ ಫೋನ್ ಮಾಡಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ. ಕುಡಿಯುವುದಕ್ಕೂ ಅಡುಗೆಗೂ ಊರಿನ ಶುದ್ಧ ನೀರಿನ ಘಟಕದ ಆರ್‌ಒ ನೀರು ತರಿಸಿ. ಇನ್ನೊಂದು ವಿಷಯ, ಕಂದು ಕಲೆ ನೋಡಿ ಕೊಳೆ ಅಂದುಕೊಂಡು ಮಕ್ಕಳ ಹಲ್ಲನ್ನು ತಿಕ್ಕಿ ತಿಕ್ಕಿ ಉಜ್ಜಿಸುವವರಿದ್ದಾರೆ. ಆ ಕಲೆ ಎನಾಮಲ್ ಒಳಗೇ ಇರುವುದು, ಬ್ರಷ್ಷಿಗೆ ಹೋಗುವುದಿಲ್ಲ.

ಶ್ರೀರಂಗಪಟ್ಟಣದ ಅಪ್ಪ

ಎಲ್ಲರೂ ಹುಳುಕಿನ ಬಗ್ಗೆ ಮಾತಾಡುತ್ತಿದ್ದೀರಿ. ರಜೆಯಲ್ಲಿ ಹಲ್ಲಿಗೆ ಇನ್ನೊಂದು ಅಪಾಯ ಇದೆ, ಬೀಳುವುದು. ಅದನ್ನು ಇಲ್ಲಿ ಹೇಳಲೇಬೇಕು.

ನೆಂಟರ ಮಕ್ಕಳು ಬಂದರೆ ಬಲಮುರಿಗೆ ಹೋಗದೆ ಇರುವುದಿಲ್ಲ. ಕಾವೇರಿ ನೀರು ಕಟ್ಟೆಯ ಮೇಲಿಂದ ತೆಳ್ಳಗೆ ಹರಿಯುತ್ತಿರುತ್ತದೆ, ಕೆಳಗೆ ಕಲ್ಲಿನ ಮೇಲೆ ಪಾಚಿ. ನಮ್ಮ ಅಣ್ಣನ ಮಗ ಅಲ್ಲೇ ಜಾರಿದ. ಮುಖ ಅಡಿಯಾಗಿ ಬಿದ್ದ. ಎತ್ತಿ ನೋಡಿದರೆ ಬಾಯಿ ತುಂಬಾ ರಕ್ತ, ಮೇಲಿನ ಮುಂದಿನ ಹಲ್ಲು ಇಲ್ಲ. ಅತ್ತಿಗೆ ಅಳುತ್ತಾ ನಿಂತರು. ಪಕ್ಕದಲ್ಲಿದ್ದ ಒಬ್ಬರು ನರ್ಸ್ "ಮೊದಲು ಹಲ್ಲು ಹುಡುಕಿ" ಅಂದರು. ನಾವು ಯಾರೂ ಅದನ್ನು ಯೋಚಿಸಿಯೇ ಇರಲಿಲ್ಲ. ಪುಣ್ಯಕ್ಕೆ ಕಲ್ಲಿನ ಸಂದಿಯಲ್ಲಿ ಸಿಕ್ಕಿತು, ಬೇರಿನ ಸಮೇತ. ನೋಡಿದರೆ ಬೇರು ಎಷ್ಟು ಉದ್ದ ಇರುತ್ತದೆ ಗೊತ್ತಾ, ಹೊರಗೆ ಕಾಣುವ ಹಲ್ಲಿಗಿಂತ ಉದ್ದ! ಆಕೆ ಬೇರು ಮುಟ್ಟಲು ಬಿಡಲಿಲ್ಲ. ಕಾರಿನಲ್ಲಿದ್ದ ಚಿಕ್ಕ ಮಗುವಿನ ಹಾಲನ್ನು ಲೋಟಕ್ಕೆ ಸುರಿದು ಅದರಲ್ಲಿ ಹಾಕಿದರು. ಸೀದಾ ಮೈಸೂರಿಗೆ ಬಂದೆವು. ಡಾಕ್ಟರ್ ಹಲ್ಲನ್ನು ಗೂಡಿಗೆ ಕೂರಿಸಿ ಪಕ್ಕದ ಹಲ್ಲುಗಳಿಗೆ ಸಣ್ಣ ತಂತಿಯಿಂದ ಕಟ್ಟಿದರು. ಆಮೇಲೆ ರೂಟ್ ಕೆನಾಲ್ ಆಯಿತು. ಹುಡುಗ ಈಗ ಅದೇ ಹಲ್ಲಿನಲ್ಲಿ ನಗುತ್ತಿದ್ದಾನೆ. ಆ ನರ್ಸ್ ಯಾರೋ, ಹೆಸರು ಕೇಳಲೂ ಆಗಲಿಲ್ಲ. ಅವರಿಗೆ ಕೈ ಮುಗಿಯುತ್ತೇನೆ.

ಮದ್ದೂರು ಕಡೆಯವ

ಅಣ್ಣ, ಓದಿ ಮೈ ಜುಂ ಅಂತು. ಇದು ನನಗೆ ಗೊತ್ತೇ ಇರಲಿಲ್ಲ. ಹಾಲು ಇಲ್ಲದಿದ್ದರೆ? ನಮ್ಮ ಕಡೆ ಎಳನೀರು ಎಲ್ಲಿ ಬೇಕಾದರೂ ಸಿಗುತ್ತದೆ. ಅದರಲ್ಲಿ ಹಾಕಬಹುದಾ ಡಾಕ್ಟರಮ್ಮ?

ಹಲ್ಲಿನ ಡಾಕ್ಟರ್, ಸರಸ್ವತಿಪುರಂ

ಆ ನರ್ಸ್ ಮಾಡಿದ್ದು ನೂರಕ್ಕೆ ನೂರು ಸರಿ. ಎಲ್ಲರೂ ತಿಳಿದಿರಬೇಕು, ಅದಕ್ಕೆ ಬಿಡಿಸಿ ಹೇಳುತ್ತೇನೆ.

ಬಿದ್ದದ್ದು ಹಾಲುಹಲ್ಲಾ, ಶಾಶ್ವತ ಹಲ್ಲಾ ಮೊದಲು ನೋಡಿ. ಮುಂದಿನ ಶಾಶ್ವತ ಹಲ್ಲುಗಳು ಸಾಮಾನ್ಯವಾಗಿ 6ರಿಂದ 8 ವರ್ಷದೊಳಗೆ ಬರುತ್ತವೆ. ಹಾಲುಹಲ್ಲಾದರೆ ವಾಪಸ್ ಕೂರಿಸಬಾರದು, ಕೆಳಗೆ ಬೆಳೆಯುತ್ತಿರುವ ಹಲ್ಲಿಗೆ ಪೆಟ್ಟಾಗುತ್ತದೆ. ಆದರೂ ಡಾಕ್ಟರಿಗೆ ತೋರಿಸಿ. ಶಾಶ್ವತ ಹಲ್ಲಾದರೆ ಹೊತ್ತು ಕಳೆಯಬೇಡಿ. ಬಿಳಿ ಭಾಗವನ್ನು ಮಾತ್ರ ಹಿಡಿಯಿರಿ. ಬೇರಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಜೀವಕೋಶಗಳು ಅಂಟಿರುತ್ತವೆ, ಅವು ಉಳಿದರೇ ಹಲ್ಲು ಮತ್ತೆ ಹಿಡಿದುಕೊಳ್ಳುವುದು. ಮಣ್ಣಾಗಿದ್ದರೆ ಹಾಲಿನಲ್ಲಿ ಅದ್ದಿ ತೆಗೆಯಿರಿ, ಹಾಲಿಲ್ಲದಿದ್ದರೆ ನಲ್ಲಿಯ ಕೆಳಗೆ ಕೆಲವು ಸೆಕೆಂಡು ಹಿಡಿಯಿರಿ. ಸೋಪು, ಬಟ್ಟೆ, ಉಜ್ಜುವುದು ಯಾವುದೂ ಬೇಡ. ಧೈರ್ಯ ಇದ್ದರೆ ಅಲ್ಲೇ ಗೂಡಿಗೆ ಕೂರಿಸಿ, ಶುಭ್ರ ಕರವಸ್ತ್ರ ಕಚ್ಚಿಸಿಕೊಂಡು ಕರೆದುಕೊಂಡು ಬನ್ನಿ. ಅದೇ ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ತಣ್ಣನೆಯ ಹಾಲು. ಹಾಲೂ ಸಿಗದಿದ್ದರೆ ಮಗುವಿನ ಎಂಜಲನ್ನೇ ಲೋಟಕ್ಕೆ ಉಗಿಸಿ ಅದರಲ್ಲಿ ಹಾಕಿ.

ಎಳನೀರಿನ ಬಗ್ಗೆ ಪ್ರಯೋಗಗಳು ಆಗಿವೆ, ಕೆಲವುದರಲ್ಲಿ ಫಲ ಚೆನ್ನಾಗಿಯೇ ಬಂದಿದೆ. ಆದರೆ ಅದಕ್ಕೆ ಸ್ವಲ್ಪ ಹುಳಿ ಗುಣ ಇದೆ, ಹಾಗಾಗಿ ಹಾಲು ಸಿಗುವ ಕಡೆ ಹಾಲೇ ಮೊದಲು. ಬರೀ ನೀರಿನಲ್ಲಿ ಇಡುವುದಕ್ಕಿಂತ, ಕರವಸ್ತ್ರದಲ್ಲಿ ಒಣಗಿಸಿ ತರುವುದಕ್ಕಿಂತ ಎಳನೀರು ವಾಸಿ. ಅರ್ಧ ಗಂಟೆಯೊಳಗೆ ಕೂರಿಸಿದರೆ ಉಳಿಯುವ ಆಸೆ ಜಾಸ್ತಿ. ಒಣಗಿದ ಹಲ್ಲು ಒಂದು ಗಂಟೆ ದಾಟಿದರೆ ಬೇರಿನ ಕೋಶಗಳು ಸತ್ತುಹೋಗಿರುತ್ತವೆ, ಆದರೂ ಹಲ್ಲು ಎಸೆಯಬೇಡಿ, ತನ್ನಿ. ಟಿಟಿ ಇಂಜೆಕ್ಷನ್ ಬೇಕಾ ಅಂತಲೂ ಕೇಳಿ. ಪ್ರಜ್ಞೆ ತಪ್ಪಿದ್ದರೆ, ವಾಂತಿ ಆದರೆ ಹಲ್ಲು ಆಮೇಲೆ, ತಲೆಯ ಪೆಟ್ಟು ಮೊದಲು ನೋಡಿಸಬೇಕು.

ಹಲ್ಲು ತುಂಡಾಗಿದ್ದರೆ ಆ ಚೂರನ್ನೂ ಹಾಲಿನಲ್ಲಿ ತನ್ನಿ. ಎಷ್ಟೋ ಸಲ ಅದನ್ನೇ ಅಂಟಿಸಬಹುದು.

ಪಿಯುಸಿ ವಿದ್ಯಾರ್ಥಿನಿ, ಮಂಡ್ಯ

ನನಗೆ ಹಲ್ಲಿಗೆ ಕ್ಲಿಪ್ ಹಾಕಿದ್ದಾರೆ. ದೊಡ್ಡಮ್ಮನ ಮನೆಗೆ ಹೋಗುತ್ತಿದ್ದೇನೆ. ಅಲ್ಲಿ ಡಬ್ಬಿ ತುಂಬಾ ಚಕ್ಕುಲಿ, ನಿಪ್ಪಟ್ಟು, ಕಡಲೆ ಮಿಠಾಯಿ ಮಾಡಿಟ್ಟಿರುತ್ತಾರೆ. ಒಂದನ್ನೂ ತಿನ್ನಬಾರದಾ?

ಸಿದ್ಧಾರ್ಥನಗರದ ಅಕ್ಕ

ನನ್ನ ಮಗಳಿಗೂ ಕ್ಲಿಪ್ ಇದೆ ಪುಟ್ಟ. ಕಡಲೆ ಮಿಠಾಯಿ ಮತ್ತು ಕಬ್ಬು ಇವೆರಡು ಮಾತ್ರ ಪೂರ್ತಿ ಬಿಡಬೇಕು. ನಿಪ್ಪಟ್ಟನ್ನು ಮುರಿದು ಸಣ್ಣ ಚೂರು ಮಾಡಿ, ಹಿಂದಿನ ಹಲ್ಲಿನಲ್ಲಿ ನಿಧಾನ ಅಗಿ. ಚಕ್ಕುಲಿಯನ್ನು ಮೊಸರಿನಲ್ಲಿ ನೆನೆಹಾಕಿ ತಿಂದರೆ ಏನೂ ಆಗುವುದಿಲ್ಲ, ರುಚಿಯೂ ಚೆನ್ನಾಗಿರುತ್ತದೆ. ಮಾವಿನ ಹಣ್ಣನ್ನು ಓಟೆ ಚೀಪದೆ ಹೋಳು ಮಾಡಿ ತಿನ್ನು, ನಾರು ತಂತಿಗೆ ಸುತ್ತಿಕೊಂಡರೆ ಬಿಡಿಸುವುದು ಕಷ್ಟ. ಡಾಕ್ಟರ್ ಕೊಡುವ ಮೇಣ ಬ್ಯಾಗಿನಲ್ಲಿ ಇರಲಿ. ತಂತಿ ಕೆನ್ನೆಗೆ ಚುಚ್ಚಿದರೆ ಒಂದು ಉಂಡೆ ಮಾಡಿ ಅಂಟಿಸಿಕೋ. ನೀನೇ ತಂತಿ ಕತ್ತರಿಸಲು ಹೋಗಬೇಡ.

ಮೇಲುಕೋಟೆಯಿಂದ

ಮಾವಿನ ಮಾತು ಬಂತಲ್ಲ, ಅದಕ್ಕೇ ಕೇಳುತ್ತೇನೆ. ನಮ್ಮ ಮಕ್ಕಳು ಗಿಣಿಮೂತಿ ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿಕೊಂಡು ತಿನ್ನುತ್ತಲೇ ಇರುತ್ತಾರೆ. ಸಂಜೆ ಹೊತ್ತಿಗೆ ಹಲ್ಲು ಚುಳುಕು ಅನ್ನುತ್ತವೆ, ಅನ್ನವೂ ಅಗಿಯಲು ಆಗುವುದಿಲ್ಲ ಅಂತಾರೆ. ತಕ್ಷಣ ಹಲ್ಲುಜ್ಜಿಸುತ್ತೇನೆ, ಸರಿ ತಾನೆ?

ಹಲ್ಲಿನ ಡಾಕ್ಟರ್, ಸರಸ್ವತಿಪುರಂ

ತಕ್ಷಣ ಬೇಡ. ಹುಳಿ ತಾಗಿದ ಎನಾಮಲ್ ಸ್ವಲ್ಪ ಹೊತ್ತು ಮೆತ್ತಗಾಗಿರುತ್ತದೆ, ಆಗ ಬ್ರಷ್ ಹಾಕಿದರೆ ಇನ್ನೂ ಸವೆಯುತ್ತದೆ. ನೀರಿನಲ್ಲಿ ಮುಕ್ಕಳಿಸಲಿ, ಅರ್ಧ ಗಂಟೆ ಬಿಟ್ಟು ಉಜ್ಜಲಿ. ನಿಂಬೆ ಷರಬತ್ತು, ಗೋಲಿ ಸೋಡಾ, ಬಾಟಲಿ ಕೂಲ್‌ಡ್ರಿಂಕ್ಸ್ ಎಲ್ಲಕ್ಕೂ ಇದೇ ಮಾತು. ಕೂಲ್‌ಡ್ರಿಂಕ್ಸಿನಲ್ಲಿ ಸಕ್ಕರೆಯೂ ಇದೆ, ಹುಳಿಯೂ ಇದೆ. ಒಂದು ಬಾಟಲಿ ಇಟ್ಟುಕೊಂಡು ಕ್ರಿಕೆಟ್ ನೋಡುತ್ತಾ ಮಧ್ಯಾಹ್ನವಿಡೀ ಗುಟುಕರಿಸುವುದು ಹಲ್ಲಿಗೆ ತುಂಬಾ ಕೆಟ್ಟದ್ದು.

ಕುವೆಂಪುನಗರದ ಅಮ್ಮ, ನಿಮಗೆ ಒಂದು ಮಾತು. ಮಗಳಿಗೆ 6 ವರ್ಷ ಅಂದಿರಿ. ಊರಿಗೆ ಕಳಿಸುವ ಮೊದಲು ಬೆಳಕಿನಲ್ಲಿ ಬಾಯಿ ತೆರೆಸಿ, ಕೆಳಗಿನ ಸಾಲಿನ ಕಟ್ಟಕಡೆಗೆ ನೋಡಿ. ಹಾಲುಹಲ್ಲಿನ ಹಿಂದೆ ಹೊಸ ದವಡೆ ಹಲ್ಲು ಮೂಡುತ್ತಿರಬಹುದು. ಯಾವ ಹಲ್ಲೂ ಬೀಳದೆ ಬರುವ ಹಲ್ಲು ಇದು, ಹಾಗಾಗಿ ಎಷ್ಟೋ ತಂದೆತಾಯಿ ಹಾಲುಹಲ್ಲು ಅಂದುಕೊಂಡು ಸುಮ್ನೆ ಇರುತ್ತಾರೆ. ಬಿದ್ದು ಬೇರೆ ಬರುತ್ತದಲ್ಲ ಅಂತ. ಬರುವುದಿಲ್ಲ! ಜೀವನ ಪೂರ್ತಿ ಇರಬೇಕಾದ ಹಲ್ಲು ಅದು. ಅರ್ಧ ಮೂಡಿರುವಾಗ ಪಕ್ಕದ ಹಲ್ಲಿಗಿಂತ ಕೆಳಗೆ ಇರುತ್ತದೆ, ಬ್ರಷ್ ಮೇಲಿಂದ ಹಾದುಹೋಗುತ್ತದೆ, ಗೆರೆಗಳಲ್ಲಿ ಬೆಲ್ಲ ಕೂರುತ್ತದೆ. ಬ್ರಷ್ಷನ್ನು ಕೆನ್ನೆಯ ಕಡೆಯಿಂದ ಅಡ್ಡವಾಗಿ ಇಟ್ಟು ಉಜ್ಜಬೇಕು. ಪೂರ್ತಿ ಮೂಡಿದ ಮೇಲೆ ಆ ಗೆರೆಗಳನ್ನು ಮುಚ್ಚುವ ತೆಳು ಲೇಪ, ಅಂದರೆ ಸೀಲೆಂಟ್ ಹಾಕಿಸಿ. ಕೊರೆಯುವುದಿಲ್ಲ, ಇಂಜೆಕ್ಷನ್ ಇಲ್ಲ, ಸ್ವಲ್ಪ ಹೊತ್ತಿನ ಕೆಲಸ.

ಕುವೆಂಪುನಗರದ ಅಮ್ಮ

ಈಗಷ್ಟೇ ಮೊಬೈಲ್ ಟಾರ್ಚ್ ಹಾಕಿ ನೋಡಿದೆ ಮೇಡಂ. ಬಲಗಡೆ ವಸಡಿನಿಂದ ಬಿಳಿ ತುದಿಗಳು ಕಾಣುತ್ತಿವೆ! ಎಡಗಡೆ ವಸಡು ಉಬ್ಬಿದೆ. ಅವಳು ಎರಡು ದಿನದಿಂದ ಬೆರಳು ಹಾಕಿ ಒತ್ತುತ್ತಿದ್ದಳು, ಯಾಕೆ ಅಂತ ಈಗ ಗೊತ್ತಾಯಿತು. ಅತ್ತೆಗೆ ತೋರಿಸಿಯೇ ಬಿಟ್ಟು ಬರುತ್ತೇನೆ.

ಇನ್ನೊಂದು ಚಿಂತೆ. ರಾತ್ರಿ ಹೊತ್ತು ಹಳ್ಳಿಯಲ್ಲಿ ಹಲ್ಲುನೋವು ಬಂದರೆ ಏನು ಮಾಡಬೇಕು?

ಕೆ.ಆರ್. ಪೇಟೆ ಮೇಷ್ಟ್ರು

ನಮ್ಮಲ್ಲಿ ಲವಂಗ ಜಜ್ಜಿ ಹಲ್ಲಿಗೆ ಇಡುತ್ತೇವೆ. ನೋವು ತಗ್ಗುತ್ತದೆ. ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಅಲ್ಲಿ ದಂತ ವೈದ್ಯರು ಇರುತ್ತಾರೆ. ಎಷ್ಟೋ ಜನರಿಗೆ ಇದು ಗೊತ್ತಿಲ್ಲ, ಸುಮ್ನೆ ದೂರ ಹೋಗುತ್ತಾರೆ. ದೊಡ್ಡ ಚಿಕಿತ್ಸೆ ಬೇಕಾದರೆ ಮೈಸೂರಿನ ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಖರ್ಚು ಕಮ್ಮಿ, ವಿದ್ಯಾರ್ಥಿಗಳು ಮಾಡಿದರೂ ಪ್ರೊಫೆಸರ್ ನಿಂತು ನೋಡುತ್ತಾರೆ. ಸಮಯ ಜಾಸ್ತಿ ಹಿಡಿಯುತ್ತದೆ ಅಷ್ಟೇ.

ಹಲ್ಲಿನ ಡಾಕ್ಟರ್, ಸರಸ್ವತಿಪುರಂ

ಮೇಷ್ಟ್ರು ಹೇಳಿದ್ದು ಸರಿ. ಲವಂಗದಲ್ಲಿರುವ ಯುಜಿನಾಲ್ ಮರಗಟ್ಟಿಸುತ್ತದೆ. ಆದರೆ ಲವಂಗದ ಎಣ್ಣೆಯನ್ನು ಚಿಕ್ಕ ಮಕ್ಕಳ ವಸಡಿಗೆ ಸುರಿಯಬೇಡಿ, ಸುಡುತ್ತದೆ. ಮೊದಲು ಬೆಚ್ಚಗಿನ ಉಪ್ಪುನೀರಿನಲ್ಲಿ ಮುಕ್ಕಳಿಸಲಿ. ಮಾವಿನ ನಾರೋ ಕಡಲೆ ಸಿಪ್ಪೆಯೋ ಸಿಕ್ಕಿಕೊಂಡಿದ್ದರೆ ಹಲ್ಲಿನ ದಾರದಿಂದ ಮೆಲ್ಲಗೆ ತೆಗೆಯಿರಿ. ಪಿನ್ನು, ಪೊರಕೆ ಕಡ್ಡಿ ಹಾಕಬೇಡಿ. ಮಗುವಿನ ತೂಕಕ್ಕೆ ಎಷ್ಟು ಪ್ಯಾರಾಸಿಟಮಾಲ್ ಅಂತ ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ಈಗಲೇ ಬರೆಸಿಕೊಂಡು ಬ್ಯಾಗಿನಲ್ಲಿ ಇಡಿ. ಆಸ್ಪಿರಿನ್ ಮಕ್ಕಳಿಗೆ ಕೊಡಲೇಬಾರದು. ಯಾವ ಮಾತ್ರೆಯನ್ನೂ ವಸಡಿನ ಮೇಲೆ ಇಟ್ಟು ಕರಗಿಸಬಾರದು, ಹುಣ್ಣಾಗುತ್ತದೆ.

ಕೆನ್ನೆ ಊದಿದ್ದರೆ ಬಿಸಿ ಶಾಖ ಕೊಡಬೇಡಿ. ಹೊರಗಿನಿಂದ ತಣ್ಣನೆಯ ಬಟ್ಟೆ ಇಡಿ. ಊತದ ಜೊತೆ ಜ್ವರ ಬಂದರೆ, ಬಾಯಿ ತೆರೆಯಲು ಆಗದಿದ್ದರೆ, ಊತ ಕಣ್ಣಿನ ಕಡೆಗೋ ಕತ್ತಿನ ಕಡೆಗೋ ಹರಡಿದರೆ, ನುಂಗಲು ಉಸಿರಾಡಲು ಕಷ್ಟ ಆದರೆ ಬೆಳಗಾಗಲಿ ಅಂತ ಕಾಯಬೇಡಿ. ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೊರಡಿ.

ವಿಜಯನಗರ ನಾಲ್ಕನೇ ಹಂತ

ಮೇಡಂ, ಕೊನೆಯದಾಗಿ ಒಂದು ಸಣ್ಣ ವಿಷಯ. ನಾವು ಮೊದಲು ಮಡಿಕೇರಿ ಸುತ್ತಿಕೊಂಡು ಆಮೇಲೆ ಊರಿಗೆ ಹೋಗುವವರು. ಬ್ರಷ್‌ಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋಗುತ್ತೇವೆ. ಊರು ತಲುಪುವ ಹೊತ್ತಿಗೆ ವಾಸನೆ ಬಂದಿರುತ್ತದೆ.

ಹಲ್ಲಿನ ಡಾಕ್ಟರ್, ಸರಸ್ವತಿಪುರಂ

ಒದ್ದೆ ಬ್ರಷ್ ಮುಚ್ಚಿಟ್ಟರೆ ಹಾಗೇ ಆಗುವುದು. ನೀರು ಕೊಡವಿ, ಒಣ ಬಟ್ಟೆಯಲ್ಲಿ ಒರೆಸಿ, ತೂತು ಇರುವ ಮುಚ್ಚಳ ಹಾಕಿ ಬೇರೆ ಬೇರೆ ಇಡಿ. ತಂಗುವ ಕಡೆ ತಲುಪಿದ ತಕ್ಷಣ ಹೊರಗೆ ತೆಗೆದು ಲೋಟದಲ್ಲಿ ನಿಲ್ಲಿಸಿ, ಗಾಳಿಯಾಡಲಿ. ಎಳೆಗಳು ಬಾಗಿದ್ದರೆ, ಅಥವಾ ತಂದು ಮೂರು ತಿಂಗಳು ಆಗಿದ್ದರೆ ಹೊಸದು ತೆಗೆದುಕೊಳ್ಳಿ. ಊರಿನ ಮನೆಯಲ್ಲಿ ಪ್ರತಿ ಮಗುವಿಗೂ ಒಂದೊಂದು ಹೊಸ ಬ್ರಷ್ ಇಟ್ಟುಬಿಟ್ಟರೆ ಇನ್ನೂ ಒಳ್ಳೆಯದು. ಮಳವಳ್ಳಿ ಅಮ್ಮ ಮಾಡಿದ ಹಾಗೆ ದಾರ ಸುತ್ತುವುದನ್ನು ಮರೆಯಬೇಡಿ.

ಮಳವಳ್ಳಿ ಅಜ್ಜಿ

ದಾರವನ್ನು ಹಿಡಿಯ ತುದಿಗೆ ಸುತ್ತಿ ತಾಯಿ, ಎಳೆಯ ಹತ್ತಿರ ಬೇಡ. ಅಲ್ಲಿ ಸುತ್ತಿದರೆ ನೆನೆದು ಕೊಳೆ ಹಿಡಿಯುತ್ತದೆ. ವಾರಕ್ಕೊಮ್ಮೆ ಬಿಚ್ಚಿ ಹೊಸದು ಕಟ್ಟುತ್ತೇನೆ ನಾನು.